ಎಂ.ಎಸ್.ಕೆ. ಮಿಲ್ ಕಡೆಯ ಭಾನುವಾರದ ಇತಿಹಾಸ ಕ್ಲಾಸು: ಹತ್ತು ವಾರ ಹೋಗಿ ಬಂದ ಮೇಲೆ

ಕಲಬುರಗಿಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಟ್ಯೂಷನ್‌ಗೆ ಓಣಿಗೊಂದು ಬೋರ್ಡ್ ಸಿಗುತ್ತದೆ. ಇತಿಹಾಸಕ್ಕೆ ಅಂತ ಹುಡುಕಿದರೆ ಸಿಗುವುದು ಕಷ್ಟ. "ಅದಕ್ಕೇನ್ ಟ್ಯೂಷನ್ ಬೇಕು, ಓದಿಕೊಂಡರೆ ಆಯ್ತಲ್ವಾ" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಎರಡು ವರ್ಷ ಓದಿಕೊಂಡೆ. ತಲೆಯಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ಈ ಕ್ಲಾಸಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ನನ್ನ ಹಾಗೆ ಹುಡುಕುತ್ತಿರುವವರು ಯಾರಾದರೂ ಇದ್ದೇ ಇರುತ್ತಾರೆ.

ನಾನು ಬಿ.ಎ., ಬಿ.ಇಡಿ. ಮಾಡಿ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಜೊತೆಗೆ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ತಯಾರಿ. ಎರಡನೇ ಪತ್ರಿಕೆಯ 150 ಅಂಕಗಳಲ್ಲಿ ಸಮಾಜ ವಿಜ್ಞಾನದ್ದೇ 60, ಹಾಗಾಗಿ ಅದನ್ನು ಬಿಟ್ಟು ಪಾಸಾಗುವ ದಾರಿ ಇಲ್ಲ. ಹೋದ ವರ್ಷ ಒಂದು ದೊಡ್ಡ ಕೋಚಿಂಗ್ ಸೆಂಟರ್‌ಗೆ ಸೇರಿದ್ದೆ. ಹೆಸರು ಬೇಡ. ಆರು ಸಾವಿರ ಕಟ್ಟಿಸಿಕೊಂಡರು, ಒಂದು ಹಾಲ್‌ನಲ್ಲಿ ತೊಂಬತ್ತು ಜನ, ಮೈಕು, ವಾಟ್ಸಾಪ್‌ನಲ್ಲಿ ದಿನಕ್ಕೆ ಮೂರು ಪಿಡಿಎಫ್. ಅಮೆರಿಕದ ಅಂತರ್ಯುದ್ಧ ಅಂತ ಒಂದು ಪುಟ ಕೊಟ್ಟಿದ್ದರು, ಎಂಟು ಸಾಲು. ಅದರಲ್ಲಿ ಒಂದು ಸಾಲು "1863ರಲ್ಲಿ ಲಿಂಕನ್ ಇಡೀ ದೇಶದಲ್ಲಿ ಗುಲಾಮಗಿರಿ ರದ್ದು ಮಾಡಿದರು" ಅಂತ. ಅದು ತಪ್ಪು ಅಂತ ನನಗೆ ಗೊತ್ತಾಗಿದ್ದು ಈ ವರ್ಷ, ಈ ಪತ್ರಾ ಶೀಟಿನ ಕೋಣೆಯಲ್ಲಿ ಕೂತ ಮೇಲೆ. ಅಷ್ಟು ದಿನ ನಾನು ಅದನ್ನೇ ಮಕ್ಕಳಿಗೂ ಹೇಳಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಈಗ ಕ್ಲಾಸಿಗೆ ಬರುತ್ತೇನೆ. ನಮ್ಮೂರಿನ ಹಳೆಯ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ ಕಡೆ, ಒಂದು ಮನೆಯ ಮಾಳಿಗೆ ಮೇಲಿನ ಕೋಣೆ. ಬೋರ್ಡ್ ಇಲ್ಲ, ಹೆಸರಿಲ್ಲ. ನಡೆಸುವವರು ನಿವೃತ್ತ ಇತಿಹಾಸ ಉಪನ್ಯಾಸಕರು, ಎಲ್ಲರೂ ಸರ್ ಅಂತಲೇ ಕರೆಯುತ್ತೇವೆ. ಹತ್ತು ಭಾನುವಾರ, ಬೆಳಿಗ್ಗೆ 7:30ರಿಂದ 10:30. ಫೀಸು 1,800 ರೂಪಾಯಿ, ಎರಡು ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ. ನಮ್ಮ ಬ್ಯಾಚಿನಲ್ಲಿ ಇಪ್ಪತ್ತೆರಡು ಜನ. ಪಿಯು ಓದುವ ಹುಡುಗರು, ನನ್ನ ಹಾಗೆ ಟಿಇಟಿ ಬರೆಯುವ ಆರೇಳು ಜನ ಹೆಣ್ಣುಮಕ್ಕಳು, ಯುಪಿಎಸ್‌ಸಿಗೆ ಇತಿಹಾಸ ಐಚ್ಛಿಕ ತೆಗೆದುಕೊಂಡ ಒಬ್ಬ ಹುಡುಗ. ಶಾಲೆಯಲ್ಲಿ ಓದಿದ ಜಗತ್ತಿನ ಇತಿಹಾಸವನ್ನೇ ಮತ್ತೆ ತಿರುವಿ ಹಾಕುವುದು ಉದ್ದೇಶ. ಈ ಸಲ ಸರ್ ಎರಡೇ ವಿಷಯ ಹಿಡಿದುಕೊಂಡರು: ಅಂತರ್ಯುದ್ಧ, ಮತ್ತು ಕೈಗಾರಿಕಾ ನಗರಗಳಲ್ಲಿ ಸಾರ್ವಜನಿಕ ಆರೋಗ್ಯ.

ಎರಡೇ ವಿಷಯಕ್ಕೆ ಹತ್ತು ವಾರವಾ ಅಂತ ನನಗೂ ಮೊದಲು ಅನ್ನಿಸಿತ್ತು. ಎರಡಕ್ಕೂ ಏನು ಸಂಬಂಧ ಅಂತಲೂ ಅನ್ನಿಸಿತ್ತು.

ಮೊದಲ ದಿನ ಸರ್ ಬಂದು ಒಂದೇ ಪ್ರಶ್ನೆ ಕೇಳಿದರು. "ಅಂತರ್ಯುದ್ಧ ಶುರುವಾದದ್ದು ಯಾವ ವರ್ಷ?" ಅರ್ಧ ಜನ 1642 ಅಂದರು, ಇನ್ನರ್ಧ 1861. ಸರ್ ಎರಡೂ ಸರಿ ಅಂದರು. ಇಂಗ್ಲೆಂಡಿನದ್ದು 1642ರಲ್ಲಿ ಶುರು, ಒಂದನೇ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ. ಅಮೆರಿಕದ್ದು 1861ರಲ್ಲಿ, ಉತ್ತರಕ್ಕೂ ದಕ್ಷಿಣಕ್ಕೂ. ನಾವು ಓದುವಾಗ ಎರಡನ್ನೂ ಕಲಸಿಬಿಡುತ್ತೇವೆ, ಪರೀಕ್ಷೆಯಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕಡೆಯ ಸೇನಾಪತಿ ಕ್ರಾಂವೆಲ್‌ನನ್ನು ತಂದು ಲಿಂಕನ್ ಪಕ್ಕ ಕೂರಿಸುತ್ತೇವೆ. ಸರ್ ಇದನ್ನು ಬಿಡಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಕೂಡು ಕುಟುಂಬದಲ್ಲಿ ಎರಡು ಥರದ ಜಗಳ ಇರುತ್ತವೆ ಅಂದರು. ಮನೆ ಯಜಮಾನಿಕೆ ಯಾರದು ಅನ್ನುವ ಜಗಳ ಒಂದು. ನಮ್ಮ ಪಾಲು ನಮಗೆ ಕೊಡ್ರಿ, ನಾವು ಬೇರೆ ಆಗ್ತೀವಿ ಅನ್ನುವ ಜಗಳ ಇನ್ನೊಂದು. ಇಂಗ್ಲೆಂಡಿನದ್ದು ಯಜಮಾನಿಕೆಯ ಜಗಳ, ತೆರಿಗೆ ಹಾಕುವವರು ಯಾರು, ಸೈನ್ಯ ಯಾರ ಕೈಯಲ್ಲಿ ಅಂತ. ಅದು 1649ರ ಜನವರಿ 30ರಂದು ದೊರೆಯ ತಲೆ ಕಡಿಯುವವರೆಗೆ ಹೋಯಿತು. ಅಮೆರಿಕದ್ದು ಬೇರೆ ಆಗುವ ಜಗಳ. 1860ರ ಡಿಸೆಂಬರ್ 20ಕ್ಕೆ ದಕ್ಷಿಣ ಕೆರೊಲಿನಾ ಮೊದಲು ಹೊರಬಿತ್ತು, ಕೊನೆಗೆ 11 ರಾಜ್ಯಗಳು ಆ ಕಡೆ ಸೇರಿದವು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ನಿಲ್ಲಿಸುತ್ತಿದ್ದರು. ಸರ್ ನಿಲ್ಲಿಸಲಿಲ್ಲ. "ಈ ಮನೆ ಜಗಳದ ಹೋಲಿಕೆ ಇಲ್ಲಿಗೇ ಬಿಡ್ರಿ, ಇದಕ್ಕಿಂತ ಮುಂದೆ ಎಳೆದರೆ ಅನ್ಯಾಯ ಆಗ್ತದ" ಅಂದರು. ಯಾಕೆಂದರೆ ಆ ಜಗಳದ ನಡುವೆ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು, ಅವರನ್ನು ಪಾಲಿನ ಆಸ್ತಿ ಅಂತ ಎಣಿಸುತ್ತಿದ್ದರು. ಒಬ್ಬ ಪಿಯು ಹುಡುಗ ಎದ್ದು, "ಸರ್, ಗೈಡ್‌ನಲ್ಲಿ ರಾಜ್ಯಗಳ ಹಕ್ಕಿಗಾಗಿ ಯುದ್ಧ ಅಂತ ಇದೆಯಲ್ರೀ" ಅಂದ. ಸರ್ ಅವನನ್ನು ಬೈಯಲಿಲ್ಲ. ಯಾವ ಹಕ್ಕು ಅಂತ ಕೇಳ್ರಿ ಅಂದರು. ಮಿಸಿಸಿಪಿ ರಾಜ್ಯ ಒಕ್ಕೂಟ ಬಿಡುವಾಗ ತಾನೇ ಹೊರಡಿಸಿದ ಘೋಷಣೆಯಲ್ಲಿ ತನ್ನ ನಿಲುವು ಗುಲಾಮಗಿರಿ ಪದ್ಧತಿಯ ಜೊತೆಗೇ ಬೆಸೆದಿದೆ ಅಂತ ಬಾಯಿ ಬಿಟ್ಟು ಹೇಳಿದೆ ಅಂತ ತೋರಿಸಿದರು. ಅವರೇ ಹೇಳಿಕೊಂಡ ಕಾರಣ ಇರುವಾಗ ನಾವು ಯಾಕೆ ಬೇರೆ ಕಾರಣ ಹುಡುಕಬೇಕು?

ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆಯ ವಿಷಯಕ್ಕೆ ಅವತ್ತು ಮುಕ್ಕಾಲು ಗಂಟೆ ಕೊಟ್ಟರು. ಟಿಇಟಿ ಬರೆಯುವವರು ಇದನ್ನು ಗಮನವಿಟ್ಟು ಓದಿ. 1863ರ ಜನವರಿ 1ರ ಘೋಷಣೆ ದಂಗೆ ಎದ್ದ ಪ್ರದೇಶಗಳ ಗುಲಾಮರಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲಾವೇರ್ ಅದರಲ್ಲಿ ಬರಲಿಲ್ಲ. ಇಡೀ ದೇಶದಲ್ಲಿ ಗುಲಾಮಗಿರಿ ಹೋದದ್ದು ಸಂವಿಧಾನದ 13ನೇ ತಿದ್ದುಪಡಿಯಿಂದ, 1865ರ ಡಿಸೆಂಬರ್‌ನಲ್ಲಿ. ಅಷ್ಟೊತ್ತಿಗೆ ಲಿಂಕನ್ ಬದುಕಿರಲಿಲ್ಲ, ಏಪ್ರಿಲ್ 14ರಂದು ಗುಂಡು ಬಿದ್ದು ಮರುದಿನ ತೀರಿಕೊಂಡಿದ್ದರು. ಹಾಗಂತ ಘೋಷಣೆಯನ್ನು ಸಣ್ಣದು ಅನ್ನಬೇಡಿ ಅಂತಲೂ ಸರ್ ಹೇಳಿದರು. ಅದರಿಂದ ಯುದ್ಧದ ಗುರಿಯೇ ಬದಲಾಯಿತು. ಸುಮಾರು 1.8 ಲಕ್ಷ ಕಪ್ಪು ಸೈನಿಕರು ಉತ್ತರದ ಸೈನ್ಯದಲ್ಲಿ ಸೇವೆ ಮಾಡಿದರು, ಅವರಲ್ಲಿ ಎಷ್ಟೋ ಜನ ಒಂದು ವರ್ಷದ ಹಿಂದೆ ಗುಲಾಮರಾಗಿದ್ದವರು.

ಈಗ ಪುನರಾವರ್ತನೆ ಹೇಗೆ ಮಾಡಿಸುತ್ತಾರೆ ಅಂತ ಹೇಳಬೇಕು, ಈ ಕ್ಲಾಸಿನ ಅಸಲಿ ಬೆಲೆ ಇರುವುದು ಅಲ್ಲೇ. ಪ್ರತಿ ಭಾನುವಾರ ಮೊದಲ ಇಪ್ಪತ್ತು ನಿಮಿಷ ಖಾಲಿ ಹಾಳೆ ಕೊಡುತ್ತಾರೆ. ಹೋದ ವಾರದ್ದು ನೆನಪಿದ್ದಷ್ಟು ಬರೆಯಬೇಕು. ನೋಟ್ಸ್ ನೋಡುವಂತಿಲ್ಲ, ಪಕ್ಕದವರನ್ನು ಕೇಳುವಂತಿಲ್ಲ. ಆಮೇಲೆ ನೋಟ್‌ಬುಕ್ ತೆಗೆದು, ಬಿಟ್ಟು ಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಬೇಕು. ಮೊದಲ ವಾರ ನನ್ನ ಹಾಳೆ ಪೂರ್ತಿ ಕೆಂಪು. ಅಳು ಬಂದಂಗಾಯಿತು. ನಾಲ್ಕನೇ ವಾರಕ್ಕೆ ನೀಲಿ ಜಾಸ್ತಿ ಆಯಿತು. ಎರಡು ವರ್ಷ ನಾನು ಮಾಡಿದ್ದು ಏನು ಅಂತ ಆಗ ತಿಳಿಯಿತು: ಅದೇ ಪುಟವನ್ನು ಮತ್ತೆ ಮತ್ತೆ ಓದಿ, ಹಳದಿ ಗೆರೆ ಎಳೆದು, ಕಣ್ಣಿಗೆ ಪರಿಚಯ ಆದದ್ದನ್ನೇ ಗೊತ್ತಿದೆ ಅಂದುಕೊಂಡದ್ದು.

ಇನ್ನೊಂದು, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಕಟ್ಟಿದ್ದಾರೆ, ಬಟ್ಟೆ ಒಣ ಹಾಕುವ ದಾರದ ಹಾಗೆ. ವರ್ಷ ಬರೆದ ಚೀಟಿಗಳನ್ನು ಕ್ಲಿಪ್ ಹಾಕಿ ಅದಕ್ಕೆ ನೇತು ಹಾಕುತ್ತೇವೆ. ಯುದ್ಧದ್ದು ಬಿಳಿ ಚೀಟಿ, ಆರೋಗ್ಯದ್ದು ಹಸಿರು. ಚೀಟಿ ಹಾಕುವವರು ಅದರ ಎಡಕ್ಕೂ ಬಲಕ್ಕೂ ಇರುವ ಚೀಟಿಗೆ ಏನಾದರೂ ನಂಟು ಇದೆಯಾ ಅಂತ ಹೇಳಬೇಕು. ಇಲ್ಲ ಅಂದರೆ ಇಲ್ಲ ಅಂತ ಹೇಳಬೇಕು, ಸುಮ್ನೆ ಏನೋ ಕಟ್ಟಿ ಹೇಳಿದರೆ ಸರ್ ಒಪ್ಪುವುದಿಲ್ಲ.

ಈ ದಾರದಲ್ಲೇ ಎರಡು ವಿಷಯ ಒಂದಾಗಿದ್ದು.

ಐದನೇ ವಾರ ಸರ್ ಒಂದು ಲೆಕ್ಕ ಹೇಳಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರು ಹಳೆಯ ಲೆಕ್ಕದ ಪ್ರಕಾರ ಸುಮಾರು 6.2 ಲಕ್ಷ, ಈಚಿನ ಕೆಲವು ಅಂದಾಜು ಅದಕ್ಕೂ ಹೆಚ್ಚು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಗುಂಡಿನಿಂದ ಸಾಯಲಿಲ್ಲ. ಭೇದಿ, ಟೈಫಾಯ್ಡ್, ಮಲೇರಿಯಾ, ನ್ಯುಮೋನಿಯಾದಂಥ ರೋಗಗಳಿಂದ ಸತ್ತರು. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಹಳ್ಳಿಯ ಹುಡುಗರು ಒಂದೇ ಡೇರೆಯಲ್ಲಿ, ಶಿಬಿರದ ಕಕ್ಕಸು ಗುಂಡಿ ಎಲ್ಲಿ ತೋಡಬೇಕು ಅಂತ ಗೊತ್ತಿಲ್ಲ, ಕುಡಿಯುವ ಹಳ್ಳಕ್ಕೇ ಹೊಲಸು ಸೇರುತ್ತದೆ. 1861ರಲ್ಲೇ ಸ್ಯಾನಿಟರಿ ಕಮಿಷನ್ ಅಂತ ಒಂದು ಸಂಸ್ಥೆ ಹುಟ್ಟಿತು. ಅವರು ಶಿಬಿರಕ್ಕೆ ಹೋಗಿ ಗುಂಡಿ ಎಲ್ಲಿ, ನೀರು ಎಲ್ಲಿ, ಅಡುಗೆ ಎಲ್ಲಿ ಅಂತ ನೋಡಿ ವರದಿ ಬರೆಯುತ್ತಿದ್ದರು. ಹಿಂದೆ ದುಡ್ಡು, ಬಟ್ಟೆ, ಔಷಧಿ ಕೂಡಿಸಿದ್ದು ಸಾವಿರಾರು ಹೆಣ್ಣುಮಕ್ಕಳು. ನಾವು ಯುದ್ಧ ಅಂದರೆ ಗೆಟಿಸ್‌ಬರ್ಗ್ ಕದನ, ಸೇನಾಪತಿ, ತಾರೀಖು ಅಂತ ಓದುತ್ತೇವೆ. ಆ ಗುಂಡಿ ಎಲ್ಲಿ ತೋಡಿದರು ಅನ್ನುವುದೂ ಇತಿಹಾಸ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆರನೇ ವಾರ ಇನ್ನೂ ಚೆನ್ನಾಗಿತ್ತು. ಸರ್ ಕೇಳಿದರು, "ನಾಳೆಯಿಂದ ನಮ್ಮೂರಿನ ದಾಲ್ ಮಿಲ್‌ಗಳಿಗೆ ತೊಗರಿ ಬರೋದು ನಿಂತರೆ ಯಾರ ಮನೆ ಒಲೆ ಮೊದಲು ಆರತದ?" ಒಬ್ಬರು ಮಾಲೀಕ ಅಂದರು, ಒಬ್ಬರು ದಲ್ಲಾಳಿ ಅಂದರು. ಹಿಂದೆ ಕೂತಿದ್ದ ಒಬ್ಬ ಹುಡುಗಿ, ಅವಳ ಅಪ್ಪ ಹಮಾಲಿ ಕೆಲಸ ಮಾಡುತ್ತಾರೆ, "ನಮ್ಮನೆದು ಸರ್" ಅಂದಳು. ಅಲ್ಲಿಂದ ಸರ್ ನೇರ ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆ ಲ್ಯಾಂಕಾಶೈರ್‌ಗೆ ಹೋದರು. ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರು ಬೆಳೆದದ್ದು. ಯುದ್ಧ ಶುರುವಾಗಿ ಉತ್ತರದ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದ ಮೇಲೆ ಹತ್ತಿ ನಿಂತಿತು. ಗಿರಣಿ ನಿಂತವು. 1862ರ ಕೊನೆಗೆ ಆ ಭಾಗದಲ್ಲಿ ಸುಮಾರು 5 ಲಕ್ಷ ಜನ ಪರಿಹಾರದ ಗಂಜಿ ಮೇಲೆ ಬದುಕುತ್ತಿದ್ದರು. ಇದಕ್ಕೆ ಹತ್ತಿ ಬರಗಾಲ ಅಂತಲೇ ಹೆಸರು.

ಅಷ್ಟು ಹಸಿವಿನಲ್ಲೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್‌ನಲ್ಲಿ ಕಾರ್ಮಿಕರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಲಿಂಕನ್ 1863ರ ಜನವರಿ 19ಕ್ಕೆ ಉತ್ತರ ಬರೆದರು. ಮ್ಯಾಂಚೆಸ್ಟರ್‌ನಲ್ಲಿ ಲಿಂಕನ್ ಪ್ರತಿಮೆ ಇರುವುದು ಈ ನಂಟಿನಿಂದ. ಎಲ್ಲ ಕಾರ್ಮಿಕರೂ ಹಾಗಿರಲಿಲ್ಲ, ದಕ್ಷಿಣದ ಕಡೆ ಒಲವಿದ್ದವರೂ ಇದ್ದರು, ಲಿವರ್‌ಪೂಲ್ ವ್ಯಾಪಾರಿಗಳಲ್ಲಿ ಅಂಥವರು ತುಂಬಾ ಇದ್ದರು ಅಂತ ಸರ್ ಅದನ್ನೂ ಹೇಳಿದರು. ಒಳ್ಳೆಯ ಕಥೆ ಸಿಕ್ಕಿತು ಅಂತ ಉಳಿದದ್ದನ್ನು ಮುಚ್ಚಿಡುವ ಅಭ್ಯಾಸ ಅವರಿಗಿಲ್ಲ.

ಮತ್ತೆ ಈ ಕೆಲಸ ಇಲ್ಲದ ಗಿರಣಿ ಜನಕ್ಕೆ ಏನು ಮಾಡಿದರು? 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಒಂದು ಲೋಕೋಪಯೋಗಿ ಕಾಯ್ದೆ ಮಾಡಿತು. ಊರುಗಳ ಆಡಳಿತಕ್ಕೆ ಸಾಲ ಕೊಟ್ಟು, ಆ ಜನರ ಕೈಯಿಂದಲೇ ಒಳಚರಂಡಿ, ರಸ್ತೆ, ಪಾರ್ಕು ಮಾಡಿಸಿದರು. ನೂಲು ಹಿಡಿದ ಕೈಗೆ ಗುದ್ದಲಿ ಬಂತು. ಅಮೆರಿಕದಲ್ಲಿ ಯುದ್ಧ, ಅದರಿಂದ ಇಂಗ್ಲೆಂಡಿನಲ್ಲಿ ಹಸಿವು, ಆ ಹಸಿವಿನಿಂದ ಅಲ್ಲಿನ ಊರುಗಳಿಗೆ ಗಟಾರ. ಅವತ್ತು ನಾನೇ ಎದ್ದು ಬಿಳಿ ಚೀಟಿ ಪಕ್ಕ ಹಸಿರು ಚೀಟಿ ಹಾಕಿದೆ. ಇಷ್ಟು ವರ್ಷ ಇವು ಎರಡು ಬೇರೆ ಪಾಠ ಅಂತ ಓದಿದ್ದೆ.

ಇದೇ ಹತ್ತಿ ನಮ್ಮ ಕಡೆಗೂ ಬಂದಿದೆ. ಅಮೆರಿಕದ ಹತ್ತಿ ನಿಂತಾಗ ಬ್ರಿಟನ್ ಭಾರತದ ಕಡೆ ತಿರುಗಿತು, 1862ಕ್ಕೆ ಅಲ್ಲಿಗೆ ಹೋಗುವ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಭಾರತದ್ದು. ಮುಂಬೈ ವ್ಯಾಪಾರಿಗಳು ರಾತ್ರೋರಾತ್ರಿ ಶ್ರೀಮಂತರಾದರು, 1865ರಲ್ಲಿ ಯುದ್ಧ ಮುಗಿದಾಗ ಅಷ್ಟೇ ಬೇಗ ಬಿದ್ದರು. ಒಬ್ಬ ಹುಡುಗ ಉತ್ಸಾಹದಿಂದ, "ಹಂಗಾದ್ರ ನಮ್ಮ ಎಂ.ಎಸ್.ಕೆ. ಮಿಲ್ಲೂ ಆ ಯುದ್ಧದಿಂದಲೇ ಬಂದದ್ದಲ್ರೀ ಸರ್" ಅಂದ. ಸರ್ ತಡೆದರು. ಮಿಲ್ ಎದ್ದದ್ದು ಆಮೇಲೆ, ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಕಾಲದಲ್ಲಿ, ಅದರ ಹೆಸರಿನಲ್ಲಿರುವ ಮಹಬೂಬ್ ಅವರೇ. ಒಂದರ ನಂತರ ಒಂದು ಬಂತು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತ ಬರೆಯಬಾರದು, ದಾಖಲೆ ತೋರಿಸು, ಆಗ ಚೀಟಿ ಹಾಕು ಅಂದರು. ಆ ಹುಡುಗ ಈಗ ನಿಜವಾಗಲೂ ದಾಖಲೆ ಹುಡುಕುತ್ತಿದ್ದಾನೆ.

ಏಳನೇ ವಾರ ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಏಳಕ್ಕೇ, ಬಿಸಿಲು ಏರುವ ಮೊದಲು. ಕೈಯಲ್ಲಿ ಓಣಿಯ ನಕ್ಷೆ, ನಾವೇ ಬಿಡಿಸಿದ್ದು. ಯಾವ ಮನೆಗೆ ನಳದ ನೀರು, ಯಾರಿಗೆ ಬೋರ್‌ವೆಲ್, ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ, ನೀರಿನ ಪೈಪು ಗಟಾರದ ಒಳಗಿಂದ ಎಲ್ಲಿ ಹಾಯ್ದಿದೆ ಅಂತ ಗುರುತು ಹಾಕಬೇಕು. ಒಬ್ಬ ಅಜ್ಜಿ ಬಾಗಿಲಲ್ಲಿ ಕೂತು ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಅವರ ಗಂಡ ಮಿಲ್‌ನಲ್ಲಿ ಕೆಲಸ ಮಾಡಿದವರಂತೆ. "ಭೋಂಗಾ ಕೂಗಿದ್ರ ಇಡೀ ಓಣಿ ಏಳ್ತಿತ್ತವ್ವಾ, ಗಡಿಯಾರ ಯಾರ ಮನ್ಯಾಗಿತ್ತು" ಅಂದರು. ನೀರಿಗೆ ಆಗ ಏನು ಮಾಡುತ್ತಿದ್ದಿರಿ ಅಂತ ಕೇಳಿದ್ದಕ್ಕೆ ಅರ್ಧ ಗಂಟೆ ಹೇಳಿದರು. ಕೊಡ, ಸರದಿ, ಜಗಳ, ಮಳೆಗಾಲದಲ್ಲಿ ಬರುತ್ತಿದ್ದ ವಾಂತಿಭೇದಿ.

ವಾಪಸ್ ಬಂದು ಬೆವರು ಒರೆಸಿಕೊಳ್ಳುವಾಗ ಸರ್ ನಮಗೆ ಜಾನ್ ಸ್ನೋ ಅನ್ನುವ ವೈದ್ಯರ ಕಥೆ ಹೇಳಿದರು. 1854, ಲಂಡನ್, ಬ್ರಾಡ್ ಸ್ಟ್ರೀಟ್. ಕಾಲರಾದಿಂದ 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಸ್ನೋ ಮನೆ ಮನೆಗೆ ಹೋಗಿ ನೀರು ಎಲ್ಲಿಯದು ಅಂತ ಕೇಳಿದರು, ಜಾಡು ಆ ಬೀದಿಯ ನೀರಿನ ಪಂಪಿಗೆ ಹೋಯಿತು. ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ ಆಳುಗಳು ಸಾಯಲಿಲ್ಲ, ಅವರು ಆ ನೀರು ಕುಡಿಯುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಸತ್ತರು, ಆ ಪಂಪಿನ ನೀರಿನ ರುಚಿ ಇಷ್ಟ ಅಂತ ಅವರು ಅಲ್ಲಿಂದ ತರಿಸಿಕೊಳ್ಳುತ್ತಿದ್ದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು. ಅಷ್ಟೊತ್ತಿಗೆ ರೋಗ ಇಳಿಯತೊಡಗಿತ್ತು ಅಂತ ಸ್ನೋ ಅವರೇ ಒಪ್ಪಿಕೊಂಡಿದ್ದಾರೆ. ಹಿಡಿ ತೆಗೆದ ತಕ್ಷಣ ಕಾಲರಾ ನಿಂತಿತು ಅಂತ ಬರೆಯಬೇಡಿ. ಈ ಕಥೆಯನ್ನು ನಾನು ಮೊದಲೂ ಓದಿದ್ದೆ. ಆದರೆ ಕೈಯಲ್ಲಿ ನಮ್ಮದೇ ಓಣಿಯ ನಕ್ಷೆ ಇಟ್ಟುಕೊಂಡು ಕೇಳುವುದು ಬೇರೆ.

ಕೂಲಿಕಾರರ ಓಣಿಗಳ ಆರೋಗ್ಯದ ಬಗ್ಗೆ ವರದಿ ಬರೆದ ಬ್ರಿಟಿಷ್ ಅಧಿಕಾರಿ ಚಾಡ್ವಿಕ್ ಬಗ್ಗೆಯೂ ಹೇಳಲೇಬೇಕು. 1842ರ ಅವರ ವರದಿಯಲ್ಲಿ ಮ್ಯಾಂಚೆಸ್ಟರ್ ಕೂಲಿಕಾರರ ಮನೆಗಳಲ್ಲಿ ಸಾವಿನ ಸರಾಸರಿ ವಯಸ್ಸು 17, ಹಳ್ಳಿಗಾಡಿನ ರಟ್ಲಂಡ್‌ನಲ್ಲಿ ಕೂಲಿಕಾರರದ್ದೇ 38. ಒಬ್ಬಳು "ಹಾಗಾದರೆ ಹದಿನೇಳಕ್ಕೆ ಎಲ್ಲರೂ ಸಾಯುತ್ತಿದ್ದರಾ" ಅಂತ ಕೇಳಿದಳು. ನನಗೂ ಅದೇ ಪ್ರಶ್ನೆ ಇತ್ತು, ಕೇಳಲು ನಾಚಿಕೆ. ಸರ್ ಬೋರ್ಡ್ ಮೇಲೆ ಲೆಕ್ಕ ಮಾಡಿದರು. ಒಂದು ವರ್ಷಕ್ಕೆ ಸತ್ತ ಮಗು, ಎರಡು ವರ್ಷಕ್ಕೆ ಸತ್ತ ಮಗು, ಅರವತ್ತಕ್ಕೆ ಸತ್ತ ಅಜ್ಜ. ಕೂಡಿಸಿ ಮೂರರಿಂದ ಭಾಗಿಸಿದರೆ 21. ಆ 17ರ ಹಿಂದೆ ಇರುವುದು ಐದು ವರ್ಷ ತುಂಬುವ ಮೊದಲೇ ಹೋದ ಮಕ್ಕಳು, ಆ ಊರಿನ ಕೂಲಿಕಾರರ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ. ಈ ಲೆಕ್ಕವನ್ನು ನಾನು ಮರುದಿನವೇ ನನ್ನ ಎಂಟನೇ ತರಗತಿಯಲ್ಲಿ ಮಾಡಿಸಿದೆ. ಮಕ್ಕಳು ಅದನ್ನು ಮರೆತಿಲ್ಲ.

ಚಾಡ್ವಿಕ್ ಕೂಡ ಕೆಟ್ಟ ಗಾಳಿಯನ್ನೇ ನಂಬಿದವರು. ನಂಬಿದ್ದು ತಪ್ಪು, ಹೇಳಿದ ಉಪಾಯ ಹೆಚ್ಚು ಕಡಿಮೆ ಸರಿ: ಹೊಲಸು ತೆಗೆಯಿರಿ, ಚರಂಡಿ ಮಾಡಿರಿ. ಆದರೆ ಆ ಹೊಲಸನ್ನೆಲ್ಲ ಥೇಮ್ಸ್‌ಗೆ ಬಿಟ್ಟಾಗ ಅದೇ ನದಿ ನೀರು ಕುಡಿದವರಿಗೆ ಕಾಲರಾ ಬಂತು. 1858ರ ಬೇಸಿಗೆಯಲ್ಲಿ ನದಿ ಎಷ್ಟು ನಾರಿತು ಅಂದರೆ ಪಾರ್ಲಿಮೆಂಟಿನಲ್ಲಿ ಕೂರಲು ಆಗಲಿಲ್ಲ, ಆಗ ಬೇಗ ಬೇಗ ಕಾಯ್ದೆ ಆಯಿತು, ಬ್ಯಾಜಲ್‌ಗೆಟ್ ಎಂಜಿನಿಯರ್ ಕೈಗೆ ದೊಡ್ಡ ಒಳಚರಂಡಿಯ ಕೆಲಸ ಬಂತು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಲಂಡನ್ನಿನಲ್ಲಿ ಹೆಚ್ಚು ಸಾವು ಪೂರ್ವ ಭಾಗದಲ್ಲಿ. ಅಲ್ಲಿ ಹೊಸ ಚರಂಡಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಮೊದಲು ಯಾರ ಓಣಿಗೆ, ಕೊನೆಗೆ ಯಾರ ಓಣಿಗೆ ಅನ್ನುವ ಪ್ರಶ್ನೆ ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಡಾವಣೆಗೆ ದಿನದ ಇಪ್ಪತ್ನಾಲ್ಕು ಗಂಟೆ ನೀರು, ಇನ್ನೊಂದಕ್ಕೆ ನಾಲ್ಕೈದು ದಿನಕ್ಕೊಮ್ಮೆ. ನಾವು ನೋಡಿಕೊಂಡೇ ಬೆಳೆದಿದ್ದೇವೆ.

ಬ್ರಿಟನ್ನಿನ 1848 ಮತ್ತು 1875ರ ಎರಡು ಆರೋಗ್ಯ ಕಾಯ್ದೆಗಳ ವ್ಯತ್ಯಾಸ ಪರೀಕ್ಷೆಗೆ ಮುಖ್ಯ. ಮೊದಲನೆಯದರಲ್ಲಿ ಊರಿನವರು ಬೇಕಾದರೆ ಚರಂಡಿ, ನೀರಿನ ವ್ಯವಸ್ಥೆ ಮಾಡಬಹುದು ಅಂತಿತ್ತು, ಸಾವಿನ ಪ್ರಮಾಣ ಸಾವಿರಕ್ಕೆ 23 ದಾಟಿದರೆ ಮಾತ್ರ ಮೇಲಿನವರು ಒತ್ತಾಯ ಮಾಡಬಹುದಿತ್ತು. ಎರಡನೆಯದರಲ್ಲಿ ಮಾಡಲೇಬೇಕು. ನಡುವೆ ಯಾಕೆ 27 ವರ್ಷ ಬೇಕಾಯಿತು? ತೆರಿಗೆ ಕಟ್ಟುವವರು ಬಡವರ ಓಣಿಯ ಚರಂಡಿಗೆ ನಾವ್ಯಾಕೆ ದುಡ್ಡು ಕೊಡಬೇಕು ಅಂದರು. 1867ರಲ್ಲಿ ಊರಿನ ದುಡಿಯುವ ಗಂಡಸರಲ್ಲಿ ಬಹಳ ಜನಕ್ಕೆ ಓಟು ಬಂದ ಮೇಲೆ ರಾಜಕಾರಣಿಗಳಿಗೂ ಆ ಓಣಿಗಳು ಕಾಣಿಸಿದವು. ರೋಗಾಣುವಿನ ತಿಳಿವಳಿಕೆಯೂ ಬೆಳೆಯುತ್ತಿತ್ತು. ಸರ್ ಈ ಭಾಗಕ್ಕೆ ಬರುವಾಗ ಒಂಬತ್ತನೇ ವಾರ, ಸಮಯ ಸಾಲಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿಸಿದರು.

ಇದೇ ನನ್ನ ಮೊದಲ ದೂರು. ಮೊದಲ ಆರು ವಾರ ನಿಧಾನ, ಕೊನೆಗೆ ಓಟ. ಬರ್ಮಿಂಗ್‌ಹ್ಯಾಮ್‌ನ ಮೇಯರ್ ಜೋಸೆಫ್ ಚೇಂಬರ್ಲೇನ್ ಊರಿನ ನೀರಿನ ಕಂಪನಿಯನ್ನೇ ಊರಿನದು ಮಾಡಿದ್ದು ನಮಗೆ ಬರೀ ಒಂದು ಸಾಲು ಸಿಕ್ಕಿತು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ವಿಶ್ವೇಶ್ವರಯ್ಯನವರು ಬಂದು ಪ್ರವಾಹ ತಡೆಗೂ ಒಳಚರಂಡಿಗೂ ಯೋಜನೆ ಮಾಡಿದ್ದನ್ನು ಸರ್ ಮನೆಗೆ ಹೋಗುವಾಗ ಮೆಟ್ಟಿಲ ಮೇಲೆ ಹೇಳಿದರು. ನಾವು ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದೆವು, ಅದು ನಮ್ಮದೇ ಕಥೆ. ಅದಕ್ಕೆ ಒಂದು ಪೂರ್ತಿ ಭಾನುವಾರ ಕೊಡಬೇಕಿತ್ತು.

ಎರಡನೆಯದು ಅಚ್ಚು ಹಾಕಿದ ನೋಟ್ಸ್ ಇಲ್ಲ. ಸರ್ ಹೇಳಿದ್ದನ್ನು ನಾವೇ ಬರೆದುಕೊಳ್ಳಬೇಕು. ಇದು ಒಳ್ಳೆಯದೇ ಅಂತ ನನಗೆ ಅನ್ನಿಸಿದರೂ, ಒಂದು ವಾರ ತಪ್ಪಿಸಿದವರು ತುಂಬಾ ಪರದಾಡುತ್ತಾರೆ. ನಕ್ಷೆಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಮಾಧ್ಯಮದವರಿಗೆ ಊರಿನ ಹೆಸರು ಓದುವುದೇ ಒಂದು ಕೆಲಸ. ಸರ್ ಪ್ರತಿ ಹೆಸರನ್ನೂ ಬೋರ್ಡ್ ಮೇಲೆ ಕನ್ನಡದಲ್ಲಿ ಬರೆಯುತ್ತಾರೆ, ಅದು ಉಪಕಾರ.

ಬಹು ಆಯ್ಕೆ ಪ್ರಶ್ನೆಗಳ ಅಭ್ಯಾಸ ಕಡಿಮೆ. ಹತ್ತು ವಾರದಲ್ಲಿ ಎರಡೇ ಟೆಸ್ಟ್. ಟಿಇಟಿಗೆ ಇದೊಂದನ್ನೇ ನಂಬಿ ಕೂರಬೇಡಿ. ಭೂಗೋಳ, ಪೌರನೀತಿ ಇಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ನಾನು ಮಾದರಿ ಪತ್ರಿಕೆ ಬಿಡಿಸಿದಾಗ ಸಮಾಜ ವಿಜ್ಞಾನದ 60ಕ್ಕೆ ಮೊದಲು 33 ಬರುತ್ತಿತ್ತು, ಈಗ 46 ಬರುತ್ತಿದೆ. ಅದರಲ್ಲಿ ಇತಿಹಾಸದ ಪಾಲು ದೊಡ್ಡದು, ಉಳಿದದ್ದಕ್ಕೆ ನಾನೇ ಬೇರೆ ಓದಿದ್ದೇನೆ.

ಕೋಣೆಯ ವಿಷಯ. ಪತ್ರಾ ಶೀಟು, ಏಪ್ರಿಲ್‌ನಲ್ಲಿ ಒಂಬತ್ತೂವರೆಗೇ ಕುಲುಮೆ ಆಗುತ್ತದೆ. ಎರಡು ಫ್ಯಾನ್ ಇವೆ, ಕರೆಂಟ್ ಹೋದರೆ ಅವೂ ಇಲ್ಲ. ಕಿಟಕಿ ಕಡೆ ಜಾಗ ಹಿಡಿಯಿರಿ. ಹೆಣ್ಣುಮಕ್ಕಳ ಶೌಚಾಲಯ ಮೊದಲ ಎರಡು ವಾರ ತುಂಬಾ ಕೆಟ್ಟದಾಗಿತ್ತು. ಚಿಲಕ ಇರಲಿಲ್ಲ, ನೀರಿರಲಿಲ್ಲ. ನಾವು ಮೂವರು ಸೇರಿ ಸರ್‌ಗೆ ಹೇಳಿದೆವು. ಅವರು ಮುಖ ಸಣ್ಣದು ಮಾಡಿಕೊಂಡು, "ತಂಗಿ, ಇದನ್ನ ನಾನೇ ಮೊದಲು ನೋಡಬೇಕಿತ್ತು" ಅಂದರು. ಮುಂದಿನ ಭಾನುವಾರಕ್ಕೆ ಚಿಲಕ, ಡ್ರಮ್ಮು, ಮಗ್ಗು, ಸೋಪು ಎಲ್ಲ ಬಂದಿತ್ತು. ಆಮೇಲೆ ಹತ್ತನೇ ವಾರದವರೆಗೂ ಸ್ವಚ್ಛವಾಗಿಯೇ ಇತ್ತು. ಇದನ್ನು ಬರೆಯುವುದು ಯಾಕೆಂದರೆ, ಹೆಣ್ಣುಮಕ್ಕಳನ್ನು ಮೂರು ಗಂಟೆ ಕ್ಲಾಸಿಗೆ ಕಳಿಸುವ ಮನೆಯವರು ಮೊದಲು ಕೇಳುವುದು ಇದನ್ನೇ, ಕೇಳಬೇಕಾದದ್ದೂ ಇದನ್ನೇ.

ನನ್ನ ಗೆಳತಿ ಒಬ್ಬಳಿಗೆ ಈ ಕ್ಲಾಸು ಹಿಡಿಸಲಿಲ್ಲ, ನಾಲ್ಕು ವಾರಕ್ಕೆ ಬಿಟ್ಟಳು. ಅವಳಿಗೆ ಬೇಕಿದ್ದದ್ದು ಪ್ರಶ್ನೆ, ಉತ್ತರ, ಮುಂದೆ. ಅದು ತಪ್ಪಲ್ಲ, ಪರೀಕ್ಷೆಗೆ ಒಂದೇ ತಿಂಗಳು ಇದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಸಮಯ ಇರುವವರಿಗೆ, ಮುಂದೆ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕಾದವರಿಗೆ, ಓದಿದ್ದು ನಿಲ್ಲುತ್ತಿಲ್ಲ ಅಂತ ಸೋತವರಿಗೆ ನಾನು ಕೈ ಹಿಡಿದು ಹೇಳುತ್ತೇನೆ, ಹೋಗಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಳೆದದ್ದು ಕೊನೆಯ ಎರಡು ವಾರದ ಅವಸರಕ್ಕೆ.

ಮುಂದಿನ ಬ್ಯಾಚ್ ದಸರಾ ರಜೆ ಮುಗಿದ ಮೇಲೆ ಅಂತ ಸರ್ ಹೇಳಿದ್ದಾರೆ. ಫೋನಿನಲ್ಲಿ ಸೇರಿಸಿಕೊಳ್ಳುವುದಿಲ್ಲ, ಭಾನುವಾರ ಹತ್ತೂವರೆ ಮೇಲೆ ಹೋಗಿ ಮಾತಾಡಬೇಕು. ಗಾಡಿ ನಿಲ್ಲಿಸಲು ಕೆಳಗೆ ಜಾಗ ಇಲ್ಲ, ಮುಖ್ಯ ರಸ್ತೆಯಲ್ಲೇ ಬಿಟ್ಟು ನಡೆದು ಬನ್ನಿ. ನೀರಿನ ಬಾಟಲಿ, ಒಂದು ಕೆಂಪು ಪೆನ್ನು ತನ್ನಿ. ಪಕ್ಕದ ಗಾಡಿಯಲ್ಲಿ ಸುಸಲಾ, ಮಿರ್ಚಿ ಸಿಗುತ್ತದೆ, ಆದರೆ ಒಂಬತ್ತರ ವಿರಾಮಕ್ಕೆ ಹತ್ತೇ ನಿಮಿಷ, ಮೊದಲೇ ಹೇಳಿಟ್ಟಿರಿ.